ತಾನೇ ಎತ್ತಿಕೊಂಡ ಫೋನು

ಸೇಡಂನ ಶೌಕತ ಅಲಿ ಆ ಮಾರುತಿ ಕಾರಿನ ಹಳೆ ಟೇಪನ್ನು ಬಿಚ್ಚಿ, ಅದರ ಹೊಟ್ಟೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬ್ಲೂಟೂತ್ ಬೋರ್ಡು ಕೂರಿಸಿ ಮುಚ್ಚಲು ತೆಗೆದುಕೊಂಡದ್ದು ಒಂದು ತಾಸು. ಅವನನ್ನು ಕೇಳಿದರೆ ಒಂದು ನಿಮಿಷ ಎನ್ನುತ್ತಾನೆ. ಹಿಂದೆ ವಾಡಿಯ ಸಿಮೆಂಟ್ ಲಾರಿಯೊಂದಕ್ಕೆ ಅವನು ಹಾಕಿಕೊಟ್ಟ ಹಾರ್ನು ಕೇಳಿ ಚಿತ್ತಾಪುರದ ಎಮ್ಮೆಗಳು ಮೂರು ದಿನ ಹಾಲು ಕೊಟ್ಟಿರಲಿಲ್ಲ. ಸುಳ್ಳಲ್ಲ, ಬೇಕಾದರೆ ಎಮ್ಮೆಗಳನ್ನೇ ಕೇಳಬಹುದು.

ಕಾರು ಭಂಕೂರಿನ ಸಿದ್ಧಲಿಂಗನದು. ತಾಯಿ ಗುರುಲಿಂಗಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೈದರಾಬಾದಿಗೆ ಹೊರಟಿದ್ದ. ತಂಗಿ ಉಮಾದೇವಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರೋಣ ಎಂದು ಹೇಳಿ ಹೊರಡಿಸಿದ್ದ. ಆಕೆಯ ತೊಡೆಯ ಮೇಲೆ ಸಜ್ಜೆ ರೊಟ್ಟಿಯ ಗಂಟು, ಅರ್ಧ ಹೈದರಾಬಾದು ಕೂತು ಉಂಡರೂ ಮಿಗುವಷ್ಟು. ಎರಡು ತಿಂಗಳಿಂದ ಆಕೆಗೆ ಹೊಟ್ಟೆನೋವು. ಕಲಬುರಗಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಬರೀ ಗ್ಯಾಸು ಎಂದು ಬಂತಂತೆ, ಹಾಗೆಂದು ಮಗನೇ ಹೇಳಿದ್ದ. ದಾರಿಯುದ್ದಕ್ಕೂ ಅವ್ವ ವಚನ ಕೇಳುತ್ತ ಬರಲಿ ಎಂದು ಅವನ ಆಸೆ. ಹೊಸ ಸ್ಟೀರಿಯೊ ಬೇಡ, ಆಕೆಯ ಕಣ್ಣಿಗೆ ಒಗ್ಗಿದ ಟೇಪೇ ಇರಲಿ, ಒಳಗೇನಾದರೂ ಮಾಡು ಎಂದಿದ್ದ.

ಪರೀಕ್ಷೆಗೆ ಶೌಕತ ಯಾವಾಗಲೂ ಗಿರಾಕಿಯ ಫೋನನ್ನೇ ಇಸಿದುಕೊಳ್ಳುತ್ತಾನೆ. ಅದನ್ನು ಟೇಪಿಗೆ ಜೋಡಿಸಿದ ಮೇಲೆ, ಕರೆ ಬಂದರೆ ಯಾರೂ ಕೈ ಹಚ್ಚದೆ ತಾನೇ ಎತ್ತುವ ಹಾಗೆ ಮಾಡಿಡುವುದು ಅವನ ಕಡೆಯ ಉಡುಗೊರೆ. ಸಿದ್ಧಲಿಂಗ ಎಳನೀರು ತರಲು ರಸ್ತೆ ದಾಟಿ ಹೋಗಿದ್ದ. ಇಂಥದ್ದು ಮಂತ್ರಿಗಳ ಕಾರಿನಲ್ಲೂ ಇಲ್ಲವೆಂದು ಮುಂದಿನ ಸೀಟಿನಲ್ಲಿ ಕೂತ ಶೌಕತ ಗುರುಲಿಂಗಮ್ಮನಿಗೆ ಕೊಚ್ಚುತ್ತಿರುವಾಗಲೇ ಫೋನು ಬಂತು. ಎರಡನೇ ರಿಂಗಿಗೆ ತಾನೇ ಎತ್ತಿಕೊಂಡಿತು.

"ಅಣ್ಣಾ, ಇಲ್ಲಿ ಡಾಕ್ಟರು ಅವ್ವನ ರಿಪೋರ್ಟ್ ನೋಡಿದ್ರು." ಉಮಾದೇವಿಯ ದನಿ ಗುರುಲಿಂಗಮ್ಮನ ಬೆನ್ನ ಹಿಂದಿನ ಸ್ಪೀಕರುಗಳಿಂದ ಬಂತು. "ಕ್ಯಾನ್ಸರ್ ಲಿವರ್ ತನಾ ಹಬ್ಬ್ಯಾದಂತ. ಆಪರೇಷನ್ ಮಾಡಿ ಉಪಯೋಗಿಲ್ಲಂತ. ಭಾಳ ಅಂದ್ರ ಮೂರು ತಿಂಗಳು."

ಕತ್ತಲಲ್ಲಿ ಸಾವಿರ ವೈರು ಗುರುತಿಸುವ ಶೌಕತನ ಬೆರಳುಗಳಿಗೆ ಕೈಯಲ್ಲಿದ್ದ ಫೋನಿನ ಕೆಂಪು ಗುಂಡಿ ಸಿಗಲಿಲ್ಲ. ಗುರುಲಿಂಗಮ್ಮ ಹಿಂದಿನಿಂದ ಕೈ ಚಾಚಿ ಅವನ ಭುಜ ಹಿಡಿದಳು, ಮಾತಾಡಲಿ ಬಿಡು ಎಂಬಂತೆ.

"ಅಣ್ಣಾ? ಅಳಬ್ಯಾಡೋ. ಅವ್ವ ಬಾಜೂಕ ಅದಾಳೇನು? ಇದ್ರ ಬರೇ ಹ್ಞೂಂ ಅನ್ನು."

ಗುರುಲಿಂಗಮ್ಮ ಶೌಕತನ ಮುಖ ನೋಡಿದಳು. ಅನ್ನು ಎಂದು ಕಣ್ಣಲ್ಲೇ ಹೇಳಿದಳು.

"ಹ್ಞೂಂ," ಎಂದ ಶೌಕತ. ಮೂರು ತಾಲೂಕಿಗೆ ಕೇಳುವ ಗಂಟಲಿನಿಂದ ಇರುವೆಯಷ್ಟು ದನಿ ಹೊರಟಿತು. ಆ ಕಡೆ ಫೋನು ಇಟ್ಟ ಸದ್ದಾಯಿತು.

ಗುರುಲಿಂಗಮ್ಮ ರೊಟ್ಟಿಯ ಗಂಟನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದಳು. "ತಮ್ಮಾ, ಈಗ ಫೋನ್ ಬಂದಿದ್ದು ಅಳಸಾಕ ಬರ್ತದೇನು?"

"ಬರ್ತದ್ರಿ ಅಮ್ಮಾ."

"ಅಳಿಸಿಬಿಡು. ನನಗ ಗೊತ್ತಾಗ್ಯಾದ ಅಂದ್ರ ಅವನ ಕೈಲಿಂದ ಗಾಡಿ ಹೊಡ್ಯಾಕ ಆಗಂಗಿಲ್ಲ."

ಶೌಕತ ಅಳಿಸಿದ. ತಾನೇ ಎತ್ತುವ ಆ ಉಡುಗೊರೆಯನ್ನೂ ತೆಗೆದುಹಾಕಿದ. ಸಿದ್ಧಲಿಂಗ ಎಳನೀರು ಹಿಡಿದು ಬಂದು, ಕೆಲಸ ಮುಗಿಯಿತೇ ಎಂದು ಕೇಳಿದಾಗ ತಲೆಯಾಡಿಸಿ ಸ್ಕ್ರೂಡ್ರೈವರ್ ಒರೆಸುತ್ತ ನಿಂತ. ಇಷ್ಟು ವರ್ಷಗಳಲ್ಲಿ ಅವನು ತನ್ನ ಕೆಲಸ ಹೊಗಳಿಕೊಳ್ಳದೆ ಬಿಟ್ಟ ಕಾರು ಅದೊಂದೇ.

ಗುರುಲಿಂಗಮ್ಮ ಎಳನೀರನ್ನು ಒಂದು ಹನಿ ಬಿಡದೆ ಕುಡಿದಳು. ಕಾರು ಶುರುವಾಯಿತು. ವಚನ ಹೊರಟಿತು, ಆಚೆ ಚಹಾದಂಗಡಿಯಲ್ಲಿ ಕೂತವರು ತಿರುಗಿ ನೋಡುವಷ್ಟು ಜೋರಾಗಿ.

"ಅವ್ವಾ, ಛಂದ ಕೇಳಸ್ತದೇನು?" ಸಿದ್ಧಲಿಂಗ ಕನ್ನಡಿಯಲ್ಲಿ ಆಕೆಯನ್ನು ಹುಡುಕಿದ.

ಆಕೆ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸೆರಗನ್ನು ಒಂದಿಷ್ಟು ಸರಿಸಿ ಹೇಳಿದಳು:

"ಇಲ್ಲಪ್ಪಾ, ಹಿಂದ ಏನೂ ಕೇಳಸಂಗಿಲ್ಲ. ಇನ್ನೂ ಜೋರು ಮಾಡು."