ಚಟ್ನಿಪುಡಿ ಡಬ್ಬಿ

ಈರುಳ್ಳಿಗೂ ಪ್ರವೇಶವಿಲ್ಲದ ಅಡುಗೆಮನೆ ಅದು. ಬೆಕ್ಕನ್ನು ತಂದ ದಿನವೇ ಅತ್ತೆ ಸೊಸೆಗೆ ಹೇಳಿಬಿಟ್ಟಿದ್ದರು: "ನಮ್ಮನೇಲಿ ಇರೋದಾದ್ರೆ ಅದಕ್ಕೂ ಮೊಸರನ್ನವೇ. ಇನ್ನೊಂದು ಜೀವ ಕೊಂದು ಇದನ್ನ ಸಾಕೋದು ಬೇಡ. ಆಗಲ್ಲ ಅಂದ್ರೆ ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ."

ಬರಬರುತ್ತ ಬೆಕ್ಕು ಬಾಗಿಲು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯತೊಡಗಿತು. "ಮೀನೋ ಮಾಂಸವೋ ಹಾಕದಿದ್ರೆ ಕಣ್ಣು ಪೂರ್ತಿ ಹೋಗುತ್ತಮ್ಮ," ಎಂದರು ಡಾಕ್ಟರು. ಅಂದಿನಿಂದ ಸೊಸೆ ಒಣಮೀನಿನ ಪುಡಿಯನ್ನು ಹಳೆಯ ಚಟ್ನಿಪುಡಿ ಡಬ್ಬಿಯಲ್ಲಿ ಬಚ್ಚಿಟ್ಟು, ಕದ್ದು ಕದ್ದು ಬೆಕ್ಕಿನ ಅನ್ನಕ್ಕೆ ಕಲಸುತ್ತಿದ್ದಳು.

ಒಂದು ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಊಟಕ್ಕೆ ಕೂತಿದ್ದರು. ಪಕ್ಕದಲ್ಲಿ ಅದೇ ಡಬ್ಬಿ, ಮುಚ್ಚಳ ತೆಗೆದಿತ್ತು. ಬಿಸಿ ಅನ್ನದ ಮೇಲೆ ಪುಡಿ, ಪುಡಿಯ ಮೇಲೆ ತುಪ್ಪ.

"ಅತ್ತೆ, ಅದು ಬೇಡ."

"ಯಾಕೆ?"

"ಹಳೇದು... ಮುಗ್ಗಲು ವಾಸನೆ ಬಂದಿದೆ."

ಅತ್ತೆ ತುತ್ತು ಕಲಸಿ ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಅವರ ಕಣ್ಣು ಬಾಗಿಲ ಬಳಿ ಮಲಗಿದ್ದ ಬೆಕ್ಕಿನ ಮೇಲೆ ನಿಂತಿತು. ಇವತ್ತಿಗೆ ಇದರ ಋಣ ತೀರಿತು ಎಂದುಕೊಂಡು ಸೊಸೆ ಬೆಕ್ಕನ್ನು ಎತ್ತಿ ಎದೆಗವಚಿಕೊಂಡಳು.

ಅತ್ತೆ ಇನ್ನೊಂದು ತುತ್ತನ್ನೂ ನುಂಗಿ, ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇಷ್ಟು ಉಪ್ಪು ಬೆಕ್ಕಿಗೆ ಆಗಲ್ಲ ಕಣೇ. ಅದಕ್ಕೆ ಹಸಿ ಮೀನು ತಾ, ಇದು ನನಗಿರಲಿ."