ದಾವಲಸಾಬನ ಕಣ್ಣಿನ ಪೊರೆ

ಕವಡೆ ಬಿದ್ದದ್ದು ಬಹುಶಃ ಮೂರು. ಚಂದ್ರಾಮಪ್ಪ ನಾಲ್ಕು ಎಂದು ಕೂಗಿ, ಕಾಯಿಯನ್ನು ಐದು ಮನೆ ನಡೆಸಿ, ಕೆಮ್ಮಿದ.

"ನಾಕೇನು?" ಎದುರಿಗೆ ಕೂತ ದಾವಲಸಾಬ ಕೇಳಿದ.

"ನಾಕು."

"ನೀ ಹೇಳಿದ ಮ್ಯಾಲ ಮುಗೀತು ಬಿಡು."

ನೆಲೋಗಿಯ ಬಸ್ ಸ್ಟ್ಯಾಂಡಿನ ಎದುರು, ಹೋಟೆಲಿನ ಕಟ್ಟೆಯ ಮೇಲೆ, ಈ ಇಬ್ಬರು ಮುದುಕರು ದಿನಾ ಸಂಜೆ ಚೌಕಾಬಾರ ಆಡುತ್ತಾರೆ. ಸೋತವನು ಮಿರ್ಚಿ ಭಜಿ ತಿನ್ನಿಸಬೇಕು. ಚಿಕ್ಕಂದಿನಿಂದ ಸೋತೇ ಬಂದಿದ್ದ ಚಂದ್ರಾಮಪ್ಪನ ದೆಸೆ ತಿರುಗಿದ್ದು ದಾವಲಸಾಬನ ಕಣ್ಣಿಗೆ ಪೊರೆ ಬಂದ ಮೇಲೆ. ಕಾಣದವನ ಎದುರು ಒಂದು ಮನೆ ಹೆಚ್ಚಿಗೆ ನಡೆದರೆ ಅದು ಮೋಸವಲ್ಲ, ಸಲಿಗೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಹೋದ ವರ್ಷ ದಾವಲಸಾಬ ಆಳಂದದಲ್ಲಿರುವ ಮಗಳು ಗುಲಫಶಾಳ ಮನೆಗೆ ಹೋಗಿ ಬಹಳ ದಿನ ಇದ್ದು ಬಂದ. ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡು ಬಂದ. "ಧೂಳು ಭಾಳ ಅದ" ಎಂದ. ಪಾಪ, ಇದ್ದ ಬೆಳಕೂ ಹೋಯಿತು ಎಂದು ಚಂದ್ರಾಮಪ್ಪ ಮರುಗಿದ. ಮರುಗುತ್ತಲೇ ಸಲಿಗೆಯನ್ನು ಇನ್ನೊಂದು ಮನೆ ಹೆಚ್ಚಿಸಿಕೊಂಡ.

ವಿಚಿತ್ರವೆಂದರೆ, ಇಷ್ಟಾದರೂ ಈಚೆಗೆ ಆಗಾಗ ಸೋಲುತ್ತಿದ್ದ. ಒಮ್ಮೆಯಂತೂ ತನ್ನದೆಂದು ದಾವಲಸಾಬನ ಕಾಯಿಯನ್ನೇ ನಡುಮನೆ ಮುಟ್ಟಿಸಿ ಕುಣಿದಿದ್ದ. ತಪ್ಪು ಹೋಟೆಲಿನವನ ಬಲ್ಬಿನದು. ಈಗಿನ ಬಲ್ಬುಗಳು ಬೆಳಕಿಗಿಂತ ಮಂಜನ್ನೇ ಹೆಚ್ಚು ಕೊಡುತ್ತವೆ.

ಊರ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದಾಗ ಇಬ್ಬರೂ ಹೋಗಿದ್ದರು. ಡಾಕ್ಟರರ ಮಾತು ಮುಗಿಯುವ ಮೊದಲೇ ಚಂದ್ರಾಮಪ್ಪ ಭಜಿಯ ವಾಸನೆ ಹಿಡಿದು ಎದ್ದು ಬಂದ. ಪೂರ್ತಿ ಕೇಳಿಸಿಕೊಂಡು ಬಂದವನು ದಾವಲಸಾಬ.

"ಪೊರೆ ಬಲತದಂತ. ಆಪರೇಶನ್ ಮಾಡಸಲಿಕ್ಕೇ ಬೇಕಂತ," ಎಂದ. "ಯಾವಾಗ ಅನ್ನೋದು ನೀನೇ ಹೇಳು, ಚಂದ್ರಾಮ."

ಚಂದ್ರಾಮಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇವನಿಗೆ ಕಣ್ಣು ಬಂದರೆ ತನ್ನ ಆಟ ಮುಗಿಯಿತು.

"ಅವಸರ ಯಾಕ? ತೊಗರಿ ರಾಶಿ ಆಗ್ಲಿ."

ದಾವಲಸಾಬನಿಗೆ ಹೊಲವೇ ಇರಲಿಲ್ಲ. ಇದ್ದದ್ದು ಸೈಕಲ್ ಅಂಗಡಿ, ಅದನ್ನೂ ಮಗ ಮಸೂದ ನೋಡಿಕೊಳ್ಳುತ್ತಿದ್ದ. ಆದರೂ ಆತ ತೊಗರಿ ರಾಶಿಯಾಗುವ ತನಕ ತೆಪ್ಪಗಿದ್ದು, ಮತ್ತೆ ಕೇಳಿದ. ಬೇಸಿಗೆಯ ಕಾವಿಗೆ ಗಾಯ ಮಾಯುವುದಿಲ್ಲ ಎಂದ ಚಂದ್ರಾಮಪ್ಪ. ಮಳೆ ಬಿದ್ದಾಗ ಹಸಿಗಾಳಿ ಕೆಟ್ಟದ್ದೆಂದ.

"ಹೆದರಿಕಿ ಅದೇನು?" ದಾವಲಸಾಬ ಮೆತ್ತಗೆ ಕೇಳಿದ.

"ನನಗ್ಯಾತರ ಹೆದರಿಕಿ ಲೇ? ಕಣ್ಣು ಕೊಯ್ಯೋ ಮಾತು, ವಿಚಾರ ಮಾಡಬೇಕು."

ವಿಚಾರ ಮುಗಿದದ್ದು ಒಂದು ಸಂತೆಯ ದಿನ. ಇಬ್ಬರೂ ರಸ್ತೆ ದಾಟುತ್ತಿದ್ದರು. ದಾವಲಸಾಬ ಇದ್ದಕ್ಕಿದ್ದಂತೆ ಗೆಳೆಯನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದ. ಇಬ್ಬರೂ ಚರಂಡಿಯಲ್ಲಿ ಬಿದ್ದರು. ಅದೇ ಹೊತ್ತಿಗೆ ಎಲ್ಲಿಂದಲೋ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಮುಂದಿನಿಂದ ಭರ್ರೆಂದು ಹೋಯಿತು.

ಚಂದ್ರಾಮಪ್ಪ ಬೈಯಲು ಬಾಯಿ ತೆರೆದ. ದಾವಲಸಾಬ ಅಂಗಿ ಹಿಡಿದ ಬೆರಳು ಇನ್ನೂ ಬಿಟ್ಟಿರಲಿಲ್ಲ. ಚಂದ್ರಾಮಪ್ಪ ಬೈಯುವುದು ಬಿಟ್ಟು ಯೋಚಿಸಿದ. ಕಣ್ಣಿಲ್ಲದವ ಆಯ ತಪ್ಪಿ ಬಿದ್ದಿದ್ದಾನೆ. ಇಂದು ಚರಂಡಿ, ನಾಳೆ ಗಾಲಿಯಡಿ. ಬರೀ ಭಜಿಯ ಆಸೆಗೆ ಚಿಕ್ಕಂದಿನ ಗೆಳೆಯನನ್ನು ಸಾಯಲು ಬಿಡುವುದೇ?

"ಆಯ್ತು ದೋಸ್ತ," ಎಂದ, ಕೆಸರು ಕೊಡವುತ್ತ. "ಆಪರೇಶನ್ ಮಾಡಸೇ ಬಿಡೋಣು. ನಾನೇ ಬರ್ತೇನಿ."

"ಮಾತು ತಪ್ಪಬಾರದು ನೋಡು."

"ಬಸವಣ್ಣನ ಆಣಿಗೂ ತಪ್ಪಂಗಿಲ್ಲ."

"ಹಂಗಾದ್ರ ಬರೂಮುಂದ ನಿನ್ನ ಆಧಾರ್ ಕಾರ್ಡೂ ತಗೊ. ಜತಿಗಿ ಬಂದವರದೂ ಕೇಳ್ತಾರಂತ."

ಕಣ್ಣಿನ ದವಾಖಾನೆ ಇದ್ದದ್ದು ಜೇವರ್ಗಿಯಲ್ಲಿ. ಚಂದ್ರಾಮಪ್ಪ ಅಲ್ಲಿಗೆ ಹೊರಟರೆ ನೂರೆಂಟು ಪ್ರಶ್ನೆ ಕೇಳುವ ಹೆಂಡತಿ ಗಂಗಾಬಾಯಿ ಈ ಸಲ ಒಂದೂ ಕೇಳಲಿಲ್ಲ. ಒಗೆದ ಧೋತರ, ಟವೆಲ್, ಹೊದಿಕೆ ಎಲ್ಲ ಕಟ್ಟಿಟ್ಟಿದ್ದಳು. "ದಾವಲಣ್ಣ ಹೇಳ್ದಂಗ ಕೇಳ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆಳೆಯನ ಮೇಲೆ ಇವಳಿಗೂ ಎಷ್ಟು ಕಾಳಜಿ ಎಂದು ಚಂದ್ರಾಮಪ್ಪನ ಮನಸ್ಸು ತುಂಬಿ ಬಂತು.

ಬಸ್ಸು ಬಂತು. "ಏರು, ಜೇವರ್ಗಿ ಗಾಡಿ," ಎಂದ ಚಂದ್ರಾಮಪ್ಪ.

"ಅಫಜಲಪುರದ್ದು ಅನಸ್ತದ."

"ನಿನಗ ಹ್ಯಾಂಗ ಗೊತ್ತು?"

"ಇಂಜಿನ್ ಸಪ್ಪಳ."

ಕಂಡಕ್ಟರನೂ ಅಫಜಲಪುರವೆಂದೇ ಕೂಗಿದ. ಕಣ್ಣು ಹೋದ ಮೇಲೆ ಇವನ ಕಿವಿ ಎಷ್ಟು ಚುರುಕಾಗಿದೆ ಎಂದು ಚಂದ್ರಾಮಪ್ಪ ಬೆರಗಾದ. ಬಸ್ಸಿನ ಬೋರ್ಡು ಬರೆಯುವವರಿಗೆ ಈಗ ಅಕ್ಷರವೇ ಬರುವುದಿಲ್ಲ ಎಂದು ಮುಂದಿನ ಜೇವರ್ಗಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದ.

ಜೇವರ್ಗಿಯ ಕಣ್ಣಿನ ದವಾಖಾನೆಯಲ್ಲಿ ದಾವಲಸಾಬ ಎರಡೂ ಆಧಾರ್ ಕಾರ್ಡು ಹಿಡಿದು ತಾನೇ ಕಿಟಕಿಗೆ ಹೋಗಿ ಬಂದ. ಬೆಂಚಿನ ಮೇಲೆ ಚಂದ್ರಾಮಪ್ಪ ಧೈರ್ಯ ಹೇಳಲು ಶುರುಮಾಡಿದ. ಆಪರೇಶನ್ ಎಂದರೆ ಇರುವೆ ಕಚ್ಚಿದಷ್ಟೂ ನೋಯುವುದಿಲ್ಲ. ಹೆದರುವವನು ಗಂಡಸೇ ಅಲ್ಲ. ಇದನ್ನು ಮುಂದೂಡುತ್ತ ಕೂರುವವರಷ್ಟು ಹುಚ್ಚರು ಯಾರೂ ಇಲ್ಲ. ಸುತ್ತ ಕೂತವರೆಲ್ಲ ತಲೆದೂಗಿದರು. ಅಂಗಾತ ಮಲಗಿ, ಹೂಂ ಅನ್ನುವುದರೊಳಗೆ ಎದ್ದು ಬಂದರಾಯಿತು ಎಂದು ಕೈ ಬೀಸಿದ.

"ಇಷ್ಟ ಜನರ ಮುಂದ ಹೇಳೀದಿ, ನೆನಪಿಟ್ಕೊ," ಎಂದ ದಾವಲಸಾಬ.

ಒಳಗಿನಿಂದ ನರ್ಸ್ ಕರೆದಳು: "ನೆಲೋಗಿ ಚಂದ್ರಾಮಪ್ಪ! ಬರ್ರಿ ಅಜ್ಜಾ, ಕಣ್ಣಿಗಿ ಔಷಧ ಹಾಕಬೇಕು."

"ಹೆಸರು ತಪ್ಪ್ಯದ್ರಿ ತಾಯಿ. ನಾ ಜತಿಗಿ ಬಂದೇನಿ, ಪೇಶಂಟ್ ಇವ," ಎಂದು ಚಂದ್ರಾಮಪ್ಪ ನಗುತ್ತ ಪಕ್ಕದ ಕಂಬದ ಬೆನ್ನು ತಟ್ಟಿದ.

"ಹೆಸರು ಬರಾಬರಿ ಅದ, ಏಳು," ದಾವಲಸಾಬ ಅವನ ರಟ್ಟೆ ಹಿಡಿದು ಎಬ್ಬಿಸಿದ. "ನನ್ನ ಎರಡೂ ಕಣ್ಣಿನ ಆಪರೇಶನ್ ಹೋದ ವರ್ಷ ಆಳಂದದಾಗೇ ಆಗ್ಯದ, ಅವತ್ತಿಂದ ನನಗ ಎಲ್ಲಾ, ಎಲ್ಲಾ ಕಾಣಸಾಕತ್ತದ."