ಹೆಡ್‌ಮಾಸ್ತರರ ದನಿ

ಹೈಸ್ಕೂಲಿಗೆ ಹೊಸ ಹೆಡ್‌ಮಾಸ್ತರರು ಬಂದ ವಾರದೊಳಗೆ ಮಕ್ಕಳ ಗಂಟಲಿಗೆ ಅವರದೇ ದನಿ ಬರುತ್ತದೆ. ದೊಡ್ಡವರಿಗೆ ಹಿಡಿಯಲು ತುಸು ತಡ. ಎಲ್ಲ ಊರಲ್ಲೂ ಹೀಗೇ, ಯಾರೂ ಬೆರಗಾಗುವುದಿಲ್ಲ.

ಮೊನ್ನೆ ನಿವೃತ್ತರಾದ ಕಮಲಾಕ್ಷಿಬಾಯಿ ಮೇಡಂ ಮಾತ್ರ ತಾವು ಕಡಿಮೆ ಮಾತಾಡಿ, ಮಕ್ಕಳು ಹೇಳುವುದನ್ನು ಕೇಳುತ್ತ ಕೂರುತ್ತಿದ್ದರು. ಹಾಗಾಗಿ ಅವರಿದ್ದಷ್ಟು ಕಾಲ ಮಕ್ಕಳ ದನಿ ಮಕ್ಕಳಲ್ಲೇ ಉಳಿದಿತ್ತು. ನಾನು ಬಿಸಿಯೂಟ ಬಡಿಸುವಾಗ ಮೊಮ್ಮಗಳು ಗಿರಿಜಾ, "ಆಯಿ, ಇನ್ನೊಂಚೂರ ಸಾರು" ಎಂದರೆ, ತೀರಿಹೋದ ನನ್ನ ಮಗಳೇ ಕೇಳಿದಂತಾಗುತ್ತಿತ್ತು. ತಾಯಿಯ ದನಿಯ ಅಚ್ಚು ಅವಳದು.

ಈ ಸೋಮವಾರ ಅವರ ಜಾಗಕ್ಕೆ ಹಿರೇಗೌಡರ ಸರ್ ಬಂದರು. ಅವರಿಗೆ ಗೊತ್ತಿರುವುದು ಗದರುವುದೊಂದೇ. ಇವತ್ತು ಊಟದ ಸಾಲಿನ ತುಂಬ ಅದೇ ದಪ್ಪ ದನಿ.

"ಏಯ್, ಸಾಲು ಹಿಡಿ!"

"ನೀ ಯಾವನಲೇ ಹೇಳಾಂವ?"

ನಕ್ಕರೂ ಗದರಿದಂತೆಯೇ ಕೇಳುತ್ತಿತ್ತು.

ಗಿರಿಜಾ ತಟ್ಟೆ ಚಾಚಿದಳು, ಬಾಯಿ ಬಿಡಲಿಲ್ಲ.

"ಆಯಿ ಅಂತ ಅನ್ನವ್ವಾ," ಎಂದೆ.

ಬೇಡವೆಂದು ತಲೆಯಾಡಿಸಿದಳು. ಅವಳಲ್ಲಿ ತಾಯಿಯ ದನಿ ಇನ್ನೂ ಚೂರು ಉಳಿದಿರಬಹುದೆಂಬ ಆಸೆ ನನಗೆ.

"ಒಂದ ಸಲ ಅನ್ನು, ನನ ಬಂಗಾರ."

"ಆಯಿ."

ಹಿರೇಗೌಡರ ದನಿ. ಹುಡುಗಿಯ ಕಣ್ಣು ತುಂಬಿ ಬಂತು. ಹಿಂದೆ ಯಾರೋ ತಟ್ಟೆ ಬಡಿದರು.

'ಅಳಬ್ಯಾಡ ನನ್ನವ್ವಾ' ಎನ್ನಲು ನಾನು ಬಾಯಿ ತೆರೆದೆ.

"ಏಯ್, ಮುಂದ ನಡಿ!"

ನನ್ನ ಬಾಯಿಂದಲೇ ಬಂತು. ಗಿರಿಜಾ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಮುಂದೆ ನಡೆದಳು.